ಮುಖ ನೋಡಿ ಮಣೆ

ಮುಖ ನೋಡಿ ಮಣೆ ಹಾಕಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮನೆಗೆ ಬಂದವರು ಯಾರೇ ಆಗಿರಲಿ, ಮೊದಲು ಕೂರಲು ಮಣೆ ಕೊಡು, ಕುಡಿಯಲು ನೀರು ಕೊಡು, ಯಾರು ಎತ್ತ ಎಂಬುದನ್ನು ಆಮೇಲೆ ವಿಚಾರಿಸು ಎಂಬುದು ಅದರ ಅರ್ಥ. ಪ್ರಸಾದದ ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಸಮನಾಗಿ ಬಡಿಸುವ ನಾವು ಈ ಗಾದೆಯನ್ನು ಪಾಲಿಸುತ್ತಿದ್ದೇವೆ ಎಂದೇ ನಂಬಿದ್ದೆವು. ಕಳೆದ ದೀಪಾವಳಿಗೆ ಮುನ್ನ ನಡೆದ ಒಂದು ಸಣ್ಣ ಪ್ರಸಂಗ ಆ ನಂಬಿಕೆಯನ್ನು ಅಲ್ಲಾಡಿಸಿತು. ಓದುಗರೊಂದಿಗೆ ಅದನ್ನು ಹಂಚಿಕೊಳ್ಳಬೇಕೆನಿಸಿ ಈ ಲೇಖನ.

ದೀಪಾವಳಿ ಮೇಳದಲ್ಲಿ ಸಂಗ್ರಹವಾಗುವ ಹಣದ ಒಂದು ಪಾಲನ್ನು ಕರ್ನಾಟಕದ ಸೀಳುತುಟಿ ಮಕ್ಕಳ ಶಸ್ತ್ರಚಿಕಿತ್ಸೆಗೆ ಕಳಿಸಬೇಕೆಂದು ಸೇವಾ ಸಮಿತಿ ತೀರ್ಮಾನಿಸಿತ್ತು. ಪೋಸ್ಟರ್ ಮಾಡುವ ಕೆಲಸ ನಮ್ಮ ಪಾಲಿಗೆ ಬಂತು. ನಾವು ನಾಲ್ವರು, ಎಲ್ಲರೂ ಸಾಫ್ಟ್‌ವೇರ್‌ನವರು. ಒಂದೇ ಸಂಜೆಯಲ್ಲಿ ಮುಗಿಸಿದೆವು. ಅಂತರ್ಜಾಲದಲ್ಲಿ ಸಿಕ್ಕಿದ ಎರಡು ಚಿತ್ರಗಳು. ಎಡಗಡೆ ಮೂಗಿನವರೆಗೂ ತುಟಿ ಸೀಳಿದ ಒಂದು ಹಸುಗೂಸು, ಬಲಗಡೆ ಅದೇ ಕೂಸು ನಗುತ್ತಾ ಇರುವುದು. ಮೇಲೆ ‘ಮೊದಲು’, ‘ನಂತರ’. ಕೆಳಗೆ ದಪ್ಪಕ್ಷರದಲ್ಲಿ ‘ನಿಮ್ಮ ದಾನ, ಒಂದು ನಗು’. ಎಲ್ಲರ ಕಣ್ಣಿಗೂ ಬೀಳಲಿ ಎಂದು ಚಪ್ಪಲಿ ಬಿಡುವ ಜಾಗದ ಮೇಲಿನ ಗೋಡೆಗೆ ಅಂಟಿಸಿದೆವು.

ಮರುವಾರ ನಮ್ಮ ದೇವಸ್ಥಾನದ ಅಡುಗೆಮನೆಯಲ್ಲಿ ವರ್ಷಗಳಿಂದ ಸೇವೆ ಮಾಡುತ್ತಿರುವ ಅಕ್ಕ ಒಬ್ಬರು ನಮ್ಮನ್ನು ಕರೆದರು. (ತಾಯಿ, ಮಗ ಇಬ್ಬರ ಒಪ್ಪಿಗೆ ಪಡೆದೇ ಮುಂದಿನದನ್ನು ಬರೆಯುತ್ತಿದ್ದೇವೆ. ಹೆಸರು ಬೇಡ ಎಂದಿದ್ದಾರೆ.)

“ಆ ಕೂಸಿನ ತಾಯಿನ ಯಾರಾದ್ರೂ ಕೇಳಿದ್ರೇನಪ್ಪ?” ಎಂದರು.

“ಒಳ್ಳೇ ಕೆಲಸಕ್ಕೇ ಅಲ್ವಾ ಅಕ್ಕ” ಎಂದು ತಡವರಿಸಿದೆವು.

ಅಕ್ಕ ಸೌಟನ್ನು ಸಾರಿನ ಪಾತ್ರೆಯೊಳಗಿಟ್ಟು, “ನಮ್ಮ ಹುಡುಗನೂ ಹುಟ್ಟಿದಾಗ ಹಾಗೇ ಇದ್ದ” ಎಂದರು.

ನಮಗೆ ಗೊತ್ತೇ ಇರಲಿಲ್ಲ. ಹಬ್ಬದ ದಿನಗಳಲ್ಲಿ ಹಳದಿ ಜಾಕೆಟ್ ಹಾಕಿಕೊಂಡು ಮಳೆಯಲ್ಲಿ ನಿಂತು ನಮ್ಮೆಲ್ಲರ ಕಾರುಗಳಿಗೆ ಜಾಗ ತೋರಿಸುವ ಹುಡುಗ ಅವನು. ಈಗ ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷ. ಅವನ ಮೀಸೆಯ ಕೆಳಗಿನ ಸಣ್ಣ ಗೆರೆಯನ್ನು ನಾವು ಯಾವತ್ತೂ ಗಮನಿಸಿರಲಿಲ್ಲ.

“ಅವನ ಮೊದಲ ನಾಲ್ಕು ತಿಂಗಳ ಒಂದು ಫೋಟೊನೂ ನಮ್ಮ ಹತ್ರ ಇಲ್ಲ” ಎಂದರು ಅಕ್ಕ. “ಆಪರೇಷನ್ ಆಗ್ಲಿ, ಆಮೇಲೆ ತೆಗೆದು ಊರಿಗೆ ಕಳಿಸೋಣ ಅಂದ್ಕೊಂಡ್ವಿ. ನಾಮಕರಣನೂ ಯಾರನ್ನೂ ಕರೀದೆ ಮನೇಲೇ ಮಾಡಿದ್ವಿ. ದೇವಸ್ಥಾನಕ್ಕೂ ಕರ್ಕೊಂಡು ಬರಲಿಲ್ಲ. ಆಪರೇಷನ್ ಆಗಿ ಕೈಗೆ ಕೊಟ್ಟಾಗ ಬೇರೆ ಯಾರದೋ ಮಗು ಅನ್ನಿಸ್ತು. ಆ ಹಳೇ ಅಗಲ ನಗು ಇನ್ನು ಬರಲ್ಲ ಅಂತ ರಾತ್ರಿಯೆಲ್ಲ ಅತ್ತೆ. ಈಗ ನೋಡ್ಬೇಕು ಅಂದ್ರೆ ಒಂದು ಚಿತ್ರ ಇಲ್ಲ.”

ನಾವು ಆ ಸಂಜೆಯೇ ಪೋಸ್ಟರ್ ತೆಗೆದೆವು. ಆದರೆ ಮಾತು ತಲೆಯಲ್ಲಿ ಉಳಿಯಿತು. ಒಬ್ಬ ತಾಯಿಯ ಬಳಿ ತನ್ನದೇ ಮಗುವಿನ ಚಿತ್ರವಿಲ್ಲ, ಕಾರಣ ನಾಚಿಕೆ. ಇನ್ನೊಬ್ಬ ತಾಯಿಯ ಮಗುವಿನ ಚಿತ್ರ ಆಕೆಗೆ ತಿಳಿಯದೆಯೇ ಎಲ್ಲೋ ದೂರದ ಇಂಗ್ಲೆಂಡಿನಲ್ಲಿ ಚಪ್ಪಲಿಗಳ ಮೇಲೆ ತೂಗುತ್ತಿದೆ, ಕಾರಣ ದಾನ. ಎರಡರಲ್ಲೂ ಮಗುವಿನ ಮುಖ ಮಗುವಿನದಾಗಿ ಉಳಿದಿರಲಿಲ್ಲ. ಹಾಗಾದರೆ ಮುಖವನ್ನು ಸರಿಪಡಿಸುವುದು ಎಂದರೆ ಏನನ್ನು ಸರಿಪಡಿಸುವುದು? ಮಗುವನ್ನೋ, ನೋಡುವವರ ಕಣ್ಣನ್ನೋ?

ಮೊದಲು ವಿಷಯ ತಿಳಿಯೋಣ. ಸೀಳುತುಟಿ ಅಪರೂಪವೇನಲ್ಲ. ಬ್ರಿಟನ್ನಿನಲ್ಲಿ ಹುಟ್ಟುವ ಸುಮಾರು 700 ಮಕ್ಕಳಲ್ಲಿ ಒಂದಕ್ಕೆ ತುಟಿಯಲ್ಲೋ, ಬಾಯಿಯ ಅಂಗುಳಿನಲ್ಲೋ, ಎರಡರಲ್ಲೂ ಆಗಿಯೋ ಸೀಳು ಇರುತ್ತದೆ. ಭಾರತದಲ್ಲಿ ವರ್ಷಕ್ಕೆ ಸುಮಾರು 35,000 ಇಂತಹ ಮಕ್ಕಳು ಹುಟ್ಟುತ್ತಾರೆಂಬ ಅಂದಾಜಿದೆ. ಗರ್ಭದಲ್ಲಿ ಯಾರ ಮುಖವೂ ಒಂದೇ ತುಂಡಾಗಿ ಬೆಳೆಯುವುದಿಲ್ಲ. ನಾಲ್ಕರಿಂದ ಏಳನೆಯ ವಾರದೊಳಗೆ ಮೂಗಿನ ಕಡೆಯಿಂದ ಒಂದು ಭಾಗ, ಎರಡು ಕೆನ್ನೆಗಳ ಕಡೆಯಿಂದ ಎರಡು ಭಾಗ ಬಂದು ಕೂಡಿಕೊಂಡು ಮೇಲ್ದುಟಿಯಾಗುತ್ತದೆ. ಅದಾದ ಮೇಲೆ ಅಂಗುಳು ಕೂಡುತ್ತದೆ. ಎಲ್ಲೋ ಒಂದು ಕಡೆ ಕೂಡದೆ ಉಳಿದರೆ ಅದೇ ಸೀಳು. ಅಂದರೆ ಇದನ್ನು ಬರೆಯುತ್ತಿರುವ ನಮ್ಮ ಮುಖ, ಓದುತ್ತಿರುವ ನಿಮ್ಮ ಮುಖ, ಒಂದು ಕಾಲಕ್ಕೆ ಹೋಳುಗಳಾಗಿಯೇ ಇದ್ದವು. ಮೂಗಿನ ಕೆಳಗೆ, ಮೇಲ್ದುಟಿಯ ನಡುವೆ ಬೆರಳಿಟ್ಟು ನೋಡಿ. ಅಲ್ಲೊಂದು ಸಣ್ಣ ತಗ್ಗು ಸಿಗುತ್ತದೆ. ಆ ಹೋಳುಗಳು ಸೇರಿದ್ದು ಅಲ್ಲೇ.

ಈ ಲೆಕ್ಕ ನೆನಪಿಟ್ಟುಕೊಂಡರೆ ಇನ್ನೊಂದು ವಿಷಯವೂ ತಿಳಿಯುತ್ತದೆ. ಐದಾರನೆಯ ವಾರದಲ್ಲಿ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ಗೊತ್ತಿರುವುದಿಲ್ಲ. ಆದರೆ ಮಗು ಹುಟ್ಟಿದ ಮೇಲೆ ಮೊದಲ ಪ್ರಶ್ನೆ ತಾಯಿಗೇ ಬರುತ್ತದೆ: “ಗ್ರಹಣದ ದಿನ ಏನಾದ್ರೂ ಕತ್ತರಿಸಿದ್ಯಾ?” ಅಕ್ಕನಿಗೂ ಬಂದಿತ್ತು, ನಮ್ಮವರಿಂದಲೇ. ಅವರು ಒಂಬತ್ತು ತಿಂಗಳ ಕ್ಯಾಲೆಂಡರ್ ತೆಗೆದು ಯಾವ ದಿನ ಏನು ಹೆಚ್ಚಿದೆ ಎಂದು ಹುಡುಕಿದರಂತೆ. ಮೆಕ್ಸಿಕೊದಲ್ಲೂ ಸೀಳುತುಟಿಗೆ ಗ್ರಹಣವೇ ಕಾರಣ ಎಂಬ ನಂಬಿಕೆ ಇದೆ. ಯಾವ ದೇಶವಾದರೇನು, ಕೊನೆಗೆ ಬೆರಳು ತೋರುವುದು ತಾಯಿಯ ಕಡೆಗೇ. ವೈದ್ಯರು ಹೇಳುವುದು ಬೇರೆ: ವಂಶವಾಹಿಗಳು, ಕೆಲವು ಔಷಧಿಗಳು, ಧೂಮಪಾನ ಮುಂತಾದ ಹಲವು ಅಂಶಗಳು ಸೇರಿ ಹೀಗಾಗಬಹುದು. ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೊಟ್ಟು ಮಾಡಲಾಗುವುದಿಲ್ಲ.

“ಪೂರ್ವಜನ್ಮದ ಕರ್ಮ” ಎನ್ನುವವರೂ ಇದ್ದಾರೆ. ದೇವಸ್ಥಾನದ ಪತ್ರಿಕೆಯಲ್ಲಿ ಕರ್ಮಸಿದ್ಧಾಂತದ ಮೇಲೆ ವಾದಕ್ಕಿಳಿಯುವಷ್ಟು ನಾವು ಬಲ್ಲವರಲ್ಲ. ನಮಗೆ ತೋಚಿದ್ದು ಇಷ್ಟು. ನಮ್ಮ ಕಷ್ಟಕ್ಕೆ ನಾವೇ ಕರ್ಮ ಎಂದುಕೊಂಡರೆ ಸಹಿಸುವ ಶಕ್ತಿ ಬರಬಹುದು. ಅದೇ ಮಾತನ್ನು ಇನ್ನೊಬ್ಬರ ತೊಟ್ಟಿಲ ಪಕ್ಕ ನಿಂತು ಹೇಳಿದರೆ ಅದು ತೀರ್ಪಾಗುತ್ತದೆ. ಆ ತೀರ್ಪು ಕೊಡುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ.

ಮುಖಕ್ಕೂ ಮಾನಕ್ಕೂ ಇರುವ ನಂಟು ನಮ್ಮ ಭಾಷೆಯಲ್ಲೇ ಕೂತಿದೆ. ಅವಮಾನಕ್ಕೆ ‘ಮುಖಭಂಗ’ ಎನ್ನುತ್ತೇವೆ. ತಪ್ಪು ಮಾಡಿದವನು ‘ಯಾವ ಮುಖ ಹೊತ್ತು ಬರಲಿ’ ಎನ್ನುತ್ತಾನೆ. ಹಳೆಯ ಕಾಲದ ಅರಸರಿಗೂ ಸೇನೆಗಳಿಗೂ ಇದು ಚೆನ್ನಾಗಿ ಗೊತ್ತಿತ್ತು. ಕೊಲ್ಲದೆಯೇ ಒಬ್ಬನನ್ನು ಮುಗಿಸಬೇಕೆಂದರೆ ಮೂಗು ಕೊಯ್ಯುತ್ತಿದ್ದರು. ಕೊಯ್ಯುವ ಕೈ ಇದ್ದಲ್ಲೇ ಕೂಡಿಸುವ ಕೈಯೂ ಬೆಳೆಯಿತು. ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಸುಶ್ರುತ ಸಂಹಿತೆಯಲ್ಲಿ ಮೂಗನ್ನು ಮರಳಿ ಕಟ್ಟುವ ವಿಧಾನವಿದೆ. ಮೂಗಿನ ಅಳತೆಗೆ ಒಂದು ಎಲೆ ಕತ್ತರಿಸಿ, ಅದೇ ಅಳತೆಗೆ ಕೆನ್ನೆಯ ಚರ್ಮವನ್ನು ಬಿಡಿಸಿ, ಉಸಿರಾಟಕ್ಕೆ ಎರಡು ನಳಿಕೆ ಇಟ್ಟು ಜೋಡಿಸುವುದು. ತುಟಿಯನ್ನೂ ಹೀಗೆಯೇ ಕೂಡಿಸಬೇಕು, ನಳಿಕೆ ಮಾತ್ರ ಬೇಡ ಎಂದೂ ಅಲ್ಲಿ ಹೇಳಿದೆ.

ಈ ಕಥೆಗೆ ಮೈಸೂರಿನ ನಂಟೂ ಇದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಿಗ 1792ರಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದವನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬ ಹೊಸ ಮೂಗು ಕಟ್ಟಿಕೊಟ್ಟ. ಮೇಣದಲ್ಲಿ ಅಚ್ಚು ತೆಗೆದು, ಅದನ್ನು ಹಣೆಯ ಮೇಲೆ ಹರಡಿ ಗೆರೆ ಎಳೆದು, ಹಣೆಯ ಚರ್ಮವನ್ನು ಹುಬ್ಬುಗಳ ನಡುವೆ ಬುಡ ಬಿಡದಂತೆ ಇಳಿಸಿ ತಿರುಗಿಸಿದ. ಬ್ರಿಟಿಷ್ ವೈದ್ಯರು ನಿಂತು ನೋಡಿದರು. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಅದರ ವಿವರ ಅಚ್ಚಾಯಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಎಂಬ ಲಂಡನ್ನಿನ ವೈದ್ಯ 1814ರಲ್ಲಿ ಅದೇ ರೀತಿ ಮಾಡಿ ಗೆದ್ದ. ಯುರೋಪಿನಲ್ಲಿ ಈ ವಿದ್ಯೆಗೆ ಮರುಜೀವ ಬಂದದ್ದು ಹಾಗೆ. ಪ್ಲಾಸ್ಟಿಕ್ ಸರ್ಜರಿ ಎಂಬ ಹೆಸರಿಗೂ ನಮ್ಮ ಪ್ಲಾಸ್ಟಿಕ್ ಬಕೆಟ್ಟಿಗೂ ಸಂಬಂಧವಿಲ್ಲ. ಮಣ್ಣನ್ನು ಮಿದ್ದಿ ರೂಪ ಕೊಡುವುದು ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಆ ಇಟ್ಟಿಗೆಯವನ ಕುಲಕಸುಬೂ ಮಣ್ಣು ಮಿದ್ದುವುದೇ!

ಸುಶ್ರುತನ ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಆದರೆ ಆ ಇಟ್ಟಿಗೆಯವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವನ ಕುಲ ನೋಡಿದರು, ಕೈಚಳಕ ನೋಡಿದರು, ಹೆಸರು ಕೇಳಲಿಲ್ಲ. ಅಲ್ಲೂ ಮುಖ ನೋಡಿಯೇ ಮಣೆ.

ಇನ್ನು ನಾವಿರುವ ಈ ದೇಶಕ್ಕೆ ಬರೋಣ. ಮೊದಲನೆಯ ಮಹಾಯುದ್ಧದಲ್ಲಿ ಗುಂಡು, ಸಿಡಿಗುಂಡಿನ ಚೂರು ತಗಲಿ ಮುಖ ಕಳೆದುಕೊಂಡವರಿಗಾಗಿ 1917ರಲ್ಲಿ ಲಂಡನ್ ಬಳಿಯ ಸಿಡ್ಕಪ್‌ನಲ್ಲಿ ಆಸ್ಪತ್ರೆ ತೆರೆಯಿತು. ಹೆರಾಲ್ಡ್ ಗಿಲ್ಲಿಸ್ ಮತ್ತು ಸಂಗಡಿಗರು 5,000ಕ್ಕೂ ಹೆಚ್ಚು ಸೈನಿಕರಿಗೆ 11,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿದರು. ಇಂದಿನ ಪುನರ್ರಚನಾ ಶಸ್ತ್ರಚಿಕಿತ್ಸೆಯ ಎಷ್ಟೋ ಪಾಠಗಳು ಅಲ್ಲಿಯವು. ಆದರೆ ಆಸ್ಪತ್ರೆಯಿಂದ ಊರಿಗೆ ಹೋಗುವ ದಾರಿಯಲ್ಲಿ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು. ಅಲ್ಲಿ ಕೂತವನ ಮುಖ ನೋಡಿ ಬೆಚ್ಚಬೇಡಿ ಎಂದು ಊರಿನವರಿಗೆ ಮುನ್ಸೂಚನೆ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೂ ದೇಶಕ್ಕಾಗಿ ಮುಖ ಕೊಟ್ಟವನಿಗೆ ಸಿಕ್ಕ ಮಣೆ ಬೇರೆಯೇ ಬಣ್ಣದ್ದು.

ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಬೆಂಕಿಯಲ್ಲಿ ಮುಖ, ಕೈ ಸುಟ್ಟುಕೊಂಡ ಯುವಕರು ಸಸೆಕ್ಸ್‌ನ ಈಸ್ಟ್ ಗ್ರಿನ್‌ಸ್ಟೆಡ್‌ಗೆ ಬಂದರು. ಗಿಲ್ಲಿಸ್‌ನ ಸಂಬಂಧಿಯೇ ಆದ ಆರ್ಚಿಬಾಲ್ಡ್ ಮೆಕಿಂಡೋ ಅಲ್ಲಿನ ವೈದ್ಯ. ಚರ್ಮ ಕಸಿ ಮಾಡಿದರೆ ಕೆಲಸ ಅರ್ಧ ಮಾತ್ರ ಎಂದು ಆತ ಕಂಡುಕೊಂಡಿದ್ದ. ರೋಗಿಗಳಿಗೆ ಆಸ್ಪತ್ರೆಯ ನೀಲಿ ಉಡುಪು ಬೇಡ, ತಮ್ಮ ಸಮವಸ್ತ್ರವನ್ನೇ ಹಾಕಿಕೊಳ್ಳಲಿ ಎಂದ. ಊರಿನವರಿಗೆ ಹೇಳಿ ಅವರನ್ನು ಮನೆಗೆ ಊಟಕ್ಕೆ, ಸಿನಿಮಾಕ್ಕೆ, ಪಬ್ಬಿಗೆ, ನೃತ್ಯಕ್ಕೆ ಕರೆಸಿದ. ಚಿಕಿತ್ಸೆ ಇನ್ನೂ ನಡೆಯುತ್ತಿರುವಾಗಲೇ, ಅರ್ಧ ಕಟ್ಟಿದ ಮೂಗಿನೊಂದಿಗೇ ಅವರು ಬೀದಿಯಲ್ಲಿ ಓಡಾಡಿದರು. 1941ರಲ್ಲಿ ಆ ರೋಗಿಗಳು ತಮ್ಮನ್ನೇ ಗೇಲಿ ಮಾಡಿಕೊಂಡು ‘ಗಿನಿ ಪಿಗ್ ಕ್ಲಬ್’ ಕಟ್ಟಿದರು. ಯುದ್ಧ ಮುಗಿಯುವ ಹೊತ್ತಿಗೆ 649 ಸದಸ್ಯರಿದ್ದರು. ಅದಕ್ಕೇ ಈಸ್ಟ್ ಗ್ರಿನ್‌ಸ್ಟೆಡ್‌ಗೆ ‘ದುರುಗುಟ್ಟಿ ನೋಡದ ಊರು’ ಎಂಬ ಹೆಸರು ಬಂತು.

ನಾವಿರುವಲ್ಲಿಂದ ಅದು ಅರ್ಧ ಗಂಟೆಯ ದಾರಿ. ಪೋಸ್ಟರ್ ಪ್ರಸಂಗದ ನಂತರ ಒಂದು ಭಾನುವಾರ ಹೋಗಿದ್ದೆವು. ಅಲ್ಲಿನ ಹೈಸ್ಟ್ರೀಟ್‌ನಲ್ಲಿ 2014ರಲ್ಲಿ ನಿಲ್ಲಿಸಿದ ಪ್ರತಿಮೆಯೊಂದಿದೆ. ಸುಟ್ಟ ಕೈಗಳ ಯುವಕ ಕೂತು ಮುಖ ಮೇಲೆತ್ತಿದ್ದಾನೆ. ಹಿಂದೆ ನಿಂತ ಮೆಕಿಂಡೋ ಅವನ ಹೆಗಲ ಮೇಲೆ ಕೈಯಿಟ್ಟಿದ್ದಾನೆ. ಅದನ್ನು ಮಾಡಿದ ಶಿಲ್ಪಿ ಮಾರ್ಟಿನ್ ಜೆನ್ನಿಂಗ್ಸ್. ಆತನ ತಂದೆಯೂ ಮೆಕಿಂಡೋನ ರೋಗಿಯಾಗಿದ್ದವರು. ಸುತ್ತಲಿನ ಕಲ್ಲಿನ ಕಟ್ಟೆಯ ಮೇಲೆ ಯಾರು ಬೇಕಾದರೂ ಕೂರಬಹುದು. ಎರಡು ಊರಲ್ಲೂ ವೈದ್ಯರು ಬಲ್ಲಿದರೇ. ವ್ಯತ್ಯಾಸವಿದ್ದದ್ದು ಬೀದಿಯಲ್ಲಿ.

ಇಲ್ಲಿ ಒಂದು ಆಕ್ಷೇಪ ಬರಬಹುದು. ತಪ್ಪು ನೋಡುವ ಕಣ್ಣಿನದಾದರೆ ಎಳೆಗೂಸಿನ ತುಟಿಗೆ ಕತ್ತರಿ ಯಾಕೆ? ಊರನ್ನೇ ತಿದ್ದಿದರೆ ಸಾಲದೇ? ಸಾಲದು. ಸೀಳು ಬರೀ ಚೆಂದದ ವಿಷಯವಲ್ಲ. ಅಂಗುಳು ಸೀಳಿದ್ದರೆ ಮಗುವಿಗೆ ಹಾಲು ಎಳೆದುಕೊಳ್ಳಲಾಗುವುದಿಲ್ಲ, ಕಿವಿಯಲ್ಲಿ ನೀರು ತುಂಬಿ ಕೇಳಿಸುವುದು ಕಡಿಮೆಯಾಗುತ್ತದೆ, ಮಾತು ಮೂಗಿನಿಂದ ಹೋಗುತ್ತದೆ. ‘ಮ’ ಎನ್ನಲು ಮೂಗಿನ ದಾರಿ ತೆರೆದಿರಬೇಕು, ಅದು ಬರುತ್ತದೆ. ‘ಪ’ ಎನ್ನಲು ಬಾಯಿಯಲ್ಲಿ ಗಾಳಿ ಕಟ್ಟಬೇಕು, ಅದು ಸೋರಿಹೋಗುತ್ತದೆ. ಆ ಮಗು ‘ಅಮ್ಮ’ ಎನ್ನಬಲ್ಲದು. ‘ಅಪ್ಪ’ ಎನ್ನಲು ಹೋದರೆ ಅದೂ ‘ಅಮ್ಮ’ ಎಂದಂತೆಯೇ ಕೇಳುತ್ತದೆ. ಯಾವ ಊರು ಎಷ್ಟೇ ಪ್ರೀತಿಯಿಂದ ನೋಡಿದರೂ ಈ ‘ಪ’ ತಾನಾಗಿ ಬರುವುದಿಲ್ಲ.

ಹಾಗೆಂದು ಒಂದು ಆಪರೇಷನ್‌ಗೆ ಮುಗಿಯುವುದೂ ಇಲ್ಲ. ನಮ್ಮ ವೃತ್ತಿಯಲ್ಲಿ ‘ಡಿಫೆಕ್ಟ್’ ಎಂದರೆ ದಾಖಲಿಸು, ಸರಿಪಡಿಸು, ಕ್ಲೋಸ್ ಮಾಡು. ‘ಮೊದಲು, ನಂತರ’ ಎಂದು ಪೋಸ್ಟರ್ ಮಾಡುವಾಗ ನಮ್ಮ ತಲೆಯಲ್ಲಿದ್ದದ್ದು ಅದೇ. ನಿಜದ ದಾರಿ ಉದ್ದ. ಇಲ್ಲಿನ ಎನ್‌ಎಚ್‌ಎಸ್‌ನಲ್ಲಿ ಮೂರರಿಂದ ಆರು ತಿಂಗಳಲ್ಲಿ ತುಟಿ, ಆರರಿಂದ ಹನ್ನೆರಡು ತಿಂಗಳಲ್ಲಿ ಅಂಗುಳು, ಆಮೇಲೆ ಕಿವಿ, ಮಾತಿನ ತರಬೇತಿ, ಎಂಟರಿಂದ ಹನ್ನೆರಡು ವರ್ಷದೊಳಗೆ ಬೇಕಾದರೆ ವಸಡಿಗೆ ಮೂಳೆ ಕಸಿ, ಹಲ್ಲು, ಹರೆಯದಲ್ಲಿ ಕೆಲವರಿಗೆ ದವಡೆ. 1998ರ ವರದಿಯೊಂದರ ನಂತರ ಅಲ್ಲಲ್ಲಿ ಹಂಚಿಹೋಗಿದ್ದ ಈ ಚಿಕಿತ್ಸೆಯನ್ನು ಕೆಲವೇ ದೊಡ್ಡ ಕೇಂದ್ರಗಳಿಗೆ ತಂದರು. ಶಸ್ತ್ರವೈದ್ಯ, ನರ್ಸ್, ದಂತವೈದ್ಯ, ಮಾತಿನ ತಜ್ಞರು, ಮನಶ್ಶಾಸ್ತ್ರಜ್ಞರು ಒಂದೇ ತಂಡವಾಗಿ ಇಪ್ಪತ್ತು ವರ್ಷ ಜೊತೆಗಿರುತ್ತಾರೆ. ಜ್ಞಾನವೂ ನಿಂತಿಲ್ಲ. ಬ್ರಿಟನ್ ಸೇರಿ ಐದು ದೇಶಗಳ 558 ಮಕ್ಕಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ, ಅಂಗುಳು ಮಾತ್ರ ಸೀಳಿದ ಮಕ್ಕಳಿಗೆ ಹನ್ನೆರಡರ ಬದಲು ಆರು ತಿಂಗಳಿಗೇ ಶಸ್ತ್ರಚಿಕಿತ್ಸೆ ಮಾಡಿದರೆ ಐದನೆಯ ವಯಸ್ಸಿಗೆ ಮಾತಿನ ತೊಂದರೆ ಕಡಿಮೆ ಎಂದು ತೋರಿಸಿತು. ಮೂಗಿನ ಕಡೆಗೆ ಗಾಳಿ ಸೋರುವ ತೊಂದರೆ ಹನ್ನೆರಡು ತಿಂಗಳ ಗುಂಪಿನಲ್ಲಿ ಶೇ. 15 ಇದ್ದರೆ ಆರು ತಿಂಗಳ ಗುಂಪಿನಲ್ಲಿ ಸುಮಾರು ಶೇ. 9.

ಕರ್ನಾಟಕದಲ್ಲೂ ಧಾರವಾಡದ ಎಸ್‌ಡಿಎಂ, ಮಂಗಳೂರು ಬಳಿಯ ದೇರಳಕಟ್ಟೆ, ಬೆಂಗಳೂರು ಮುಂತಾದ ಕಡೆ ಇದಕ್ಕೆಂದೇ ನುರಿತ ಕೇಂದ್ರಗಳಿವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ತರಬೇತಿ ಇದೆ. 2013ರಲ್ಲಿ ಆರಂಭವಾದ ಕೇಂದ್ರದ ಬಾಲ ಸ್ವಾಸ್ಥ್ಯ ಯೋಜನೆಯಲ್ಲಿ ಸೀಳುತುಟಿಯೂ ಸೇರಿದೆ. ತೊಡಕಿರುವುದು ಹಳ್ಳಿಯಿಂದ ಮತ್ತೆ ಮತ್ತೆ ಬರುವುದರಲ್ಲಿ. ತುಟಿ ಕೂಡಿದರೆ ಊರಿನ ಬಾಯಿ ಮುಚ್ಚುತ್ತದೆ, ಮದುವೆಗೆ ಅಡ್ಡಿಯಿಲ್ಲ ಎಂದು ಅಲ್ಲಿಗೇ ನಿಲ್ಲಿಸುವವರಿದ್ದಾರೆ. ನೋಡುವವರಿಗೆ ಬೇಕಾದದ್ದು ಆಯಿತು, ಮಗುವಿಗೆ ಬೇಕಾದ ಮಾತು ಉಳಿಯಿತು.

ಸಮಿತಿಯ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆ ಗಟ್ಟಿಯಾಗಿತ್ತು. “ಆ ಚಿತ್ರ ಇದ್ದರೆ ಜನ ಹೆಚ್ಚು ಕೊಡ್ತಾರೆ. ನಿಮ್ಮ ಸಂಕೋಚಕ್ಕೆ ಯಾವುದೋ ಮಗುವಿನ ಚಿಕಿತ್ಸೆ ತಪ್ಪಿದರೆ ಅದೂ ಪಾಪ ಅಲ್ಲವೇ?” ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಆಗ ನೆನಪಾದದ್ದು 2009ರಲ್ಲಿ ಆಸ್ಕರ್ ಪಡೆದ ‘ಸ್ಮೈಲ್ ಪಿಂಕಿ’ ಸಾಕ್ಷ್ಯಚಿತ್ರ. ಉತ್ತರ ಪ್ರದೇಶದ ಹಳ್ಳಿಯ ಆ ಹುಡುಗಿಯ ಸೀಳುತುಟಿಯನ್ನೂ ಜಗತ್ತು ನೋಡಿತು. ಆದರೆ ಅಲ್ಲಿ ಅವಳಿಗೆ ಹೆಸರಿದೆ, ಮನೆಯಿದೆ, ಜೊತೆಗೆ ನಡೆಯುವ ಅಪ್ಪನಿದ್ದಾನೆ. 2013ರ ವಿಂಬಲ್ಡನ್ ಪುರುಷರ ಫೈನಲ್‌ನಲ್ಲಿ ನಾಣ್ಯ ಚಿಮ್ಮಿದವಳೂ ಅವಳೇ. ನಮ್ಮ ಪೋಸ್ಟರಿನ ಕೂಸಿಗೆ ‘ಮೊದಲು’ ಎಂಬುದೊಂದೇ ಹೆಸರು. ಚಿತ್ರ ತೋರಿಸುವುದೇ ತಪ್ಪು ಎಂದು ನಾವು ಹೇಳುವುದಿಲ್ಲ. ಕೇಳದೆ, ಹೆಸರಿಲ್ಲದೆ, ನಮ್ಮ ಪುಣ್ಯದ ಲೆಕ್ಕಕ್ಕೆ ಬಳಸುವುದು ತಪ್ಪು. ಹಣ ಕಡಿಮೆ ಬಿದ್ದರೆ ಆ ಭಾರವನ್ನು ಹೊರಬೇಕಾದವರು ನಾವು. ನಾವು ನಾಲ್ವರೂ ನಮ್ಮ ಪಾಲನ್ನು ಎರಡರಷ್ಟು ಮಾಡಿದೆವು.

ಭಾಗವತದ ಕುಬ್ಜೆಯ ಕಥೆ ನಮಗೆಲ್ಲ ಗೊತ್ತು. ಕೃಷ್ಣ ಮಥುರೆಯ ಬೀದಿಯಲ್ಲಿ ಗೂನುಬೆನ್ನಿನ ಹೆಂಗಸನ್ನು ನೇರ ಮಾಡಿದ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಕ್ರಮ ಗಮನಿಸಿ. ಆತ ಮೊದಲು ಅವಳನ್ನು ಸುಂದರಿ ಎಂದೇ ಮಾತನಾಡಿಸಿ, ಯಾರು ನೀನು ಎಂದು ಕೇಳಿದ. ಅವಳ ಕೈಯಲ್ಲಿದ್ದ ಗಂಧವನ್ನು ಬೇಡಿ ಹಚ್ಚಿಸಿಕೊಂಡ. ಅವಳ ವಿದ್ಯೆಗೆ ಮರ್ಯಾದೆ ಕೊಟ್ಟ, ಅವಳಿಂದ ತೆಗೆದುಕೊಂಡ. ಗದ್ದಕ್ಕೆ ಬೆರಳಿಟ್ಟು ಮೇಲೆತ್ತಿದ್ದು ಅದೆಲ್ಲ ಆದ ಮೇಲೆ. ಬೆನ್ನು ಬಾಗಿರುವಾಗಲೇ ಅವಳಿಗೆ ಮಣೆ ಸಿಕ್ಕಿತ್ತು. ವೈದ್ಯರು ಕೂಡಿಸುವುದು ತುಟಿಯನ್ನು. ಅದಕ್ಕೆ ಮೊದಲಿನ ಕೆಲಸ ಮಾಡಲು ಶಸ್ತ್ರವೈದ್ಯರೇ ಬೇಕಿಲ್ಲ, ನಾವು ನೀವು ಸಾಕು.

ಹೊಸ ಪೋಸ್ಟರನ್ನು ಅಕ್ಕನ ಮಗನೇ ಮಾಡಿಕೊಟ್ಟ. ಅದರಲ್ಲಿ ಯಾರ ಮುಖವೂ ಇಲ್ಲ. ದೊಡ್ಡದಾಗಿ ‘ಅಮ್ಮ’, ‘ಅಪ್ಪ’ ಎಂಬ ಎರಡು ಪದಗಳು, ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ಒಂದು ಮಗುವಿಗೆ ಏನೇನು ಬೇಕು ಎಂಬ ನಾಲ್ಕು ಸಾಲು. ತನ್ನಪ್ಪನನ್ನು ಸರಿಯಾಗಿ ‘ಅಪ್ಪ’ ಎಂದು ಕರೆದಾಗ ಅವನಿಗೆ ನಾಲ್ಕು ವರ್ಷ ತುಂಬಿತ್ತಂತೆ. ಸಂಗ್ರಹವಾದದ್ದರಲ್ಲಿ ಅರ್ಧವನ್ನು ಮಾತಿನ ತರಬೇತಿಗೆ ಬರುವ ಮಕ್ಕಳ ಬಸ್ ಚಾರ್ಜು, ಊಟದ ಖರ್ಚಿಗೆಂದೇ ಕಳಿಸಿದ್ದೇವೆ.

ಈ ಲೇಖನವನ್ನು ಅಕ್ಕನಿಗೆ ಓದಿ ಹೇಳಿದೆವು. ಕೊನೆಯಲ್ಲಿ ಏನಾದರೂ ಸೇರಿಸಬೇಕೇ ಎಂದು ಕೇಳಿದೆವು. ಸ್ವಲ್ಪ ಯೋಚಿಸಿ, “ಯಾರಿಗಾದ್ರೂ ಅಂಥ ಮಗು ಹುಟ್ಟಿದ್ರೆ ದೇವಸ್ಥಾನಕ್ಕೆ ಕರ್ಕೊಂಡು ಬನ್ನಿ ಅಂತ ಬರೀರಿ. ಫೋಟೊ ತೆಗೀರಿ ಅಂತಾನೂ ಬರೀರಿ” ಎಂದರು.